ಹಳೆಯ ಡೀಸೆಲ್ ಎಸ್‌ಯುವಿ: ಕೊಳ್ಳುವ ಮುನ್ನ, ಕೊಂಡ ನಂತರ

ಕಂಟೋನ್ಮೆಂಟ್ ಹಾಗೂ ನಗರದ ಪೂರ್ವ ಭಾಗದ ನಮ್ಮ ಸದಸ್ಯರು ಒಂದೆಡೆ ಸೇರಿದಾಗ, ತೆರಿಗೆ ಮತ್ತು ವಿದ್ಯುತ್ ದರಗಳ ಮಾತು ಮುಗಿದ ಮೇಲೆ ಸಾಮಾನ್ಯವಾಗಿ ಏಳುವ ಪ್ರಶ್ನೆ ಒಂದಿದೆ. ಮನೆಮಂದಿಯೆಲ್ಲ ಕೂರುವಂಥ, ವಾರದ ದಿನಗಳಲ್ಲಿ ವ್ಯವಹಾರಕ್ಕೂ ಒದಗುವಂಥ ದೊಡ್ಡ ಡೀಸೆಲ್ ಗಾಡಿಯೊಂದನ್ನು ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಳ್ಳಬಹುದೇ? ಶಿವಾಜಿನಗರದ ಜವಳಿ ವರ್ತಕರೂ ಇದನ್ನೇ ಕೇಳುತ್ತಾರೆ, ಮಹದೇವಪುರದ ಶೆಡ್ಡುಗಳಲ್ಲಿ ಯಂತ್ರಭಾಗ ತಯಾರಿಸುವವರೂ ಇದನ್ನೇ ಕೇಳುತ್ತಾರೆ. ಈ ಲೇಖಕನು ಕಳೆದ ಇಪ್ಪತ್ತು ವರ್ಷಗಳಲ್ಲಿ ಅಂಥ ಮೂರು ಗಾಡಿಗಳನ್ನು ಕೊಂಡು ಎರಡನ್ನು ಮಾರಿದ್ದಾನೆ. ಕೊಂಡಾಗ ಆದ ನಷ್ಟಕ್ಕಿಂತ ಮಾರಿದಾಗ ಆದ ನಷ್ಟವೇ ದೊಡ್ಡದು. ಅದು ಹೇಗೆಂಬುದನ್ನು ಮುಂದೆ ವಿವರಿಸಲಾಗುವುದು. ತಾಂತ್ರಿಕ ಪರೀಕ್ಷೆಯ ಬಗ್ಗೆ ಹೇಳಬಲ್ಲ ಮೆಕ್ಯಾನಿಕ್‌ಗಳು ಊರಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ದಾಖಲೆಯ ಬಗ್ಗೆ ಎಚ್ಚರಿಸುವವರು ಕಡಿಮೆ. ಆದುದರಿಂದ ಈ ಲೇಖನದಲ್ಲಿ ಎಂಜಿನ್ನಿಗಿಂತ ಕಾಗದಕ್ಕೆ ಹೆಚ್ಚು ಸ್ಥಳ ಸಂದಿದೆ.

ಹಿನ್ನೆಲೆ

2000ದಲ್ಲಿ ಬಿಡದಿಯ ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆಯಿಂದ ಕ್ವಾಲಿಸ್ ಹೊರಬಂದಿತು. ಅದೇ ವರ್ಷ ಮಹೀಂದ್ರದ ಬೊಲೆರೊ, 2002ರಲ್ಲಿ ಸ್ಕಾರ್ಪಿಯೊ, 2005ರಲ್ಲಿ ಕ್ವಾಲಿಸ್ ಜಾಗಕ್ಕೆ ಇನ್ನೋವಾ, 2011ರಲ್ಲಿ ಎಕ್ಸ್‌ಯುವಿ 500, 2012ರಲ್ಲಿ ರೆನೋ ಡಸ್ಟರ್, 2015ರಲ್ಲಿ ಕ್ರೆಟಾ, 2016ರಲ್ಲಿ ವಿಟಾರಾ ಬ್ರೆಝಾ ಬಂದವು. ಕ್ವಾಲಿಸ್, ಇನ್ನೋವಾಗಳು ಪುಸ್ತಕದ ಪ್ರಕಾರ ಎಸ್‌ಯುವಿಗಳಲ್ಲ. ಆದರೆ ನಮ್ಮ ಪೇಟೆ ಆ ಭೇದವನ್ನು ಎಂದೂ ಎಣಿಸಿದ್ದಿಲ್ಲ. ಇವೆಲ್ಲ ಡೀಸೆಲ್ ಮೇಲೆ ಓಡಿದ್ದಕ್ಕೆ ಕಾರಣ ಸರಳ. 2012ರ ಸುಮಾರಿಗೆ ಬೆಂಗಳೂರಿನಲ್ಲಿ ಲೀಟರ್ ಪೆಟ್ರೋಲಿಗೂ ಡೀಸೆಲಿಗೂ ಇದ್ದ ಅಂತರ ರೂ. 25ನ್ನು ಮೀರಿತ್ತು. 2014ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರವು ಡೀಸೆಲ್ ದರವನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ ಆ ಅಂತರ ಕುಗ್ಗುತ್ತ ಬಂದಿತು.

ಎರಡನೆಯ ಪೆಟ್ಟು 2020ರ ಏಪ್ರಿಲ್ 1ರಂದು ಜಾರಿಗೆ ಬಂದ ಭಾರತ್ ಸ್ಟೇಜ್-6 ನಿಯಮದ್ದು. ಸಣ್ಣ ಡೀಸೆಲ್ ಎಂಜಿನ್ನುಗಳನ್ನು ಹೊಸ ನಿಯಮಕ್ಕೆ ಹೊಂದಿಸುವ ವೆಚ್ಚ ಹೆಚ್ಚೆಂದು ಮಾರುತಿ, ರೆನೋ ಮುಂತಾದವರು ಡೀಸೆಲನ್ನೇ ಕೈಬಿಟ್ಟರು. ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ದೇಶದಲ್ಲಿನ ಕಾರು ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿತು. ಹೀಗಾಗಿ ಮಧ್ಯಮ ಬೆಲೆಯ ಡೀಸೆಲ್ ಗಾಡಿ ಬೇಕೆನ್ನುವವರಿಗೆ ಹೊಸದರಲ್ಲಿ ಆಯ್ಕೆ ಕಡಿಮೆಯಾಗಿ, ಹಳೆಯದಕ್ಕೆ ಬೇಡಿಕೆ ಉಳಿಯಿತು. ಇತ್ತೀಚೆಗೆ ಶೇ. 20ರ ಎಥನಾಲ್ ಬೆರೆಸಿದ ಪೆಟ್ರೋಲ್ ಬಂದಮೇಲೆ ಹಳೆಯ ಪೆಟ್ರೋಲ್ ಗಾಡಿಗಳ ಬಗ್ಗೆ ಹುಟ್ಟಿದ ಅಂಜಿಕೆಯೂ ಕೆಲವರನ್ನು ಡೀಸೆಲಿನ ಕಡೆಗೆ ತಳ್ಳಿದೆ.

ಬೆಲೆಯ ವಿಚಾರದಲ್ಲಿ ಒಂದು ಅಂಶವನ್ನು ಗಮನಿಸಬೇಕು. 2025ರ ಸೆಪ್ಟೆಂಬರ್ 22ರಿಂದ ಹೊಸ ದೊಡ್ಡ ಎಸ್‌ಯುವಿಗಳ ಮೇಲೆ ಶೇ. 28 ಜಿಎಸ್‌ಟಿ ಮತ್ತು ಶೇ. 22 ಸೆಸ್ ಸೇರಿ ಇದ್ದ ಶೇ. 50ರ ಹೊರೆ ಶೇ. 40ಕ್ಕೆ ಇಳಿಯಿತು. ಹಳೆಯ ಗಾಡಿ ಮಾರುವವರಲ್ಲಿ ಅನೇಕರು ಇಂದಿಗೂ ಹಿಂದಿನ ಹೊಸ ಬೆಲೆಯಿಂದಲೇ ಲೆಕ್ಕ ಹಿಡಿಯುತ್ತಾರೆ. ಚೌಕಾಸಿಗೆ ಕೂರುವ ಮುನ್ನ ಆ ಮಾದರಿಯ ಅಥವಾ ಅದಕ್ಕೆ ಸಮನಾದ ಗಾಡಿಯ ಇಂದಿನ ಹೊಸ ಬೆಲೆಯನ್ನು ವಿಚಾರಿಸಿಕೊಂಡಿರುವುದು ಲೇಸು.

ಎಷ್ಟು ಓಡುತ್ತದೆ ಎಂಬುದೇ ಮೊದಲ ಪ್ರಶ್ನೆ

2025ರ ಏಪ್ರಿಲ್‌ನಲ್ಲಿ ರಾಜ್ಯ ಮಾರಾಟ ತೆರಿಗೆ ಏರಿದ ನಂತರ ಬೆಂಗಳೂರಿನಲ್ಲಿ ಡೀಸೆಲ್ ಲೀಟರಿಗೆ ಸುಮಾರು ರೂ. 91, ಪೆಟ್ರೋಲ್ ಸುಮಾರು ರೂ. 103 ಆಗಿದ್ದವು. ಅದೇ ದರವನ್ನು ಆಧಾರವಾಗಿ ಹಿಡಿಯೋಣ. ಊರೊಳಗಿನ ಓಡಾಟದಲ್ಲಿ ಡೀಸೆಲ್ ಗಾಡಿ ಲೀಟರಿಗೆ 12 ಕಿ.ಮೀ., ಅದೇ ಗಾತ್ರದ ಪೆಟ್ರೋಲ್ ಗಾಡಿ 9 ಕಿ.ಮೀ. ಕೊಡುತ್ತದೆಂದು ಇಟ್ಟುಕೊಂಡರೆ, ಕಿಲೋಮೀಟರಿಗೆ ತಗಲುವ ಇಂಧನ ಕ್ರಮವಾಗಿ ರೂ. 7.58 ಮತ್ತು ರೂ. 11.44. ಉಳಿತಾಯ ರೂ. 3.86.

ಹಲಸೂರಿನಲ್ಲಿ ಮನೆ, ಕಮರ್ಷಿಯಲ್ ಸ್ಟ್ರೀಟಿನ ಆಸುಪಾಸಿನಲ್ಲಿ ಅಂಗಡಿ ಇರುವ ವರ್ತಕರು ತಿಂಗಳಿಗೆ 600 ಕಿ.ಮೀ. ಓಡಿಸಿದರೆ ಹೆಚ್ಚು. ಅವರಿಗೆ ವರ್ಷಕ್ಕೆ ಉಳಿಯುವುದು ಸುಮಾರು ರೂ. 27,800. ಡೀಸೆಲ್ ಗಾಡಿಗೆ ಕೊಳ್ಳುವಾಗ ರೂ. 1.25 ಲಕ್ಷ ಹೆಚ್ಚು ತೆತ್ತು, ದುರಸ್ತಿಗೆ ವರ್ಷಕ್ಕೆ ರೂ. 20,000 ಹೆಚ್ಚು ಇಟ್ಟರೆ ಕೈಗೆ ನಿಲ್ಲುವುದು ವರ್ಷಕ್ಕೆ ಎಂಟು ಸಾವಿರದಷ್ಟು. ಹಾಕಿದ ಹೆಚ್ಚುವರಿ ಹಣ ಮರಳುವ ಹೊತ್ತಿಗೆ ಗಾಡಿಯೇ ಇರುವುದಿಲ್ಲ. ಕೆ.ಆರ್. ಪುರದಿಂದ ನರಸಾಪುರ, ಕೋಲಾರದ ಕಾರ್ಖಾನೆಗಳಿಗೆ ವಾರಕ್ಕೆ ಮೂರು ನಾಲ್ಕು ಬಾರಿ ಹೋಗಿಬರುವ ಸಣ್ಣ ಕೈಗಾರಿಕೋದ್ಯಮಿಯ ಓಟ ತಿಂಗಳಿಗೆ 2,000 ಕಿ.ಮೀ. ಮುಟ್ಟುತ್ತದೆ. ಆತನಿಗೆ ವರ್ಷಕ್ಕೆ ಸುಮಾರು ರೂ. 92,600 ಉಳಿದು, ದುರಸ್ತಿ ಕಳೆದರೂ ಎರಡು ವರ್ಷದೊಳಗೆ ಹೆಚ್ಚುವರಿ ಬೆಲೆ ತೀರುತ್ತದೆ. ಅಂಕಿಗಳು ಪ್ರತಿಯೊಬ್ಬರಿಗೂ ಬದಲಾಗುತ್ತವೆ. ತಮ್ಮ ಅಂಕಿಗಳನ್ನು ಹಾಕಿ ಈ ಲೆಕ್ಕವನ್ನು ಒಮ್ಮೆ ಮಾಡದೆ ಯಾರೂ ಮುಂದುವರಿಯಬಾರದು.

ಎಂಜಿನ್ ವಿಚಾರ

ಕಡಿಮೆ ಓಟದ ಡೀಸೆಲ್ ಗಾಡಿ ಲಾಭವಿಲ್ಲದ್ದಷ್ಟೇ ಅಲ್ಲ, ಬೇಗ ಕೆಡುವಂಥದ್ದೂ ಹೌದು. ಹಲಸೂರಿನಿಂದ ಶಿವಾಜಿನಗರಕ್ಕಿರುವ ಮೂರು ನಾಲ್ಕು ಕಿ.ಮೀ. ಹಾದಿಯಲ್ಲಿ ಡೀಸೆಲ್ ಎಂಜಿನ್ ಸರಿಯಾಗಿ ಬಿಸಿಯೇರುವುದಿಲ್ಲ. ತಣ್ಣಗಿನ ಎಂಜಿನ್ನಿನಲ್ಲಿ ಇಂಧನ ಪೂರ್ಣವಾಗಿ ಉರಿಯದೆ ಮಸಿ ಕೂರುತ್ತದೆ. ಹೊಗೆಯ ಒಂದು ಅಂಶವನ್ನು ಪುನಃ ಎಂಜಿನ್ನಿಗೆ ಮರಳಿಸುವ ಇಜಿಆರ್ ಕವಾಟವೂ, ಗಾಳಿ ಒಳಬರುವ ಕೊಳವೆಯೂ ಈ ಮಸಿಯಿಂದ ಕಟ್ಟಿಕೊಳ್ಳುತ್ತವೆ. 2020ರ ನಂತರದ ಬಿಎಸ್-6 ಗಾಡಿಗಳಲ್ಲಿ ಹೊಗೆಕೊಳವೆಗೆ ಡಿಪಿಎಫ್ ಎಂಬ ಶೋಧಕವಿದೆ. ಅದು ಮಸಿಯನ್ನು ಹಿಡಿದಿಟ್ಟುಕೊಂಡು, ಸಾಕಷ್ಟು ಶಾಖ ದೊರೆತಾಗ ತಾನೇ ಸುಟ್ಟು ಸ್ವಚ್ಛವಾಗುತ್ತದೆ. ಆ ಶಾಖಕ್ಕೆ ಗಾಡಿಯು ಹದಿನೈದು ಇಪ್ಪತ್ತು ನಿಮಿಷ ಒಂದೇ ಸಮ ವೇಗದಲ್ಲಿ ಓಡಬೇಕು. ಟಿನ್ ಫ್ಯಾಕ್ಟರಿ ಬಳಿಯ ಸಂಜೆಯ ಸಾಲಿನಲ್ಲಿ ಅದು ಆಗದ ಮಾತು. ದೀಪ ಹತ್ತಿದರೂ ಲಕ್ಷಿಸದೆ ಊರೊಳಗೇ ಓಡಿಸಿದ ಗಾಡಿಯ ಶೋಧಕವನ್ನು ಕಡೆಗೆ ಬದಲಿಸಬೇಕಾಗಿ ಬರುವುದುಂಟು, ಅದರ ಬೆಲೆ ಸಣ್ಣದಲ್ಲ. ಆದುದರಿಂದ ಬಿಎಸ್-6 ಡೀಸೆಲನ್ನು ಕೊಳ್ಳುವವರು ಮೀಟರಿನಲ್ಲಿರುವ ಕಡಿಮೆ ಓಟವನ್ನು ಕಂಡು ಮರುಳಾಗಬಾರದು. ಐದು ವರ್ಷದಲ್ಲಿ 25,000 ಕಿ.ಮೀ. ಊರೊಳಗೆ ತೆವಳಿದ ಗಾಡಿಗಿಂತ, ಹೆದ್ದಾರಿಯಲ್ಲಿ 90,000 ಓಡಿ ಕ್ರಮವಾಗಿ ಸರ್ವಿಸ್ ಕಂಡ ಗಾಡಿಯೇ ನನ್ನ ಮಟ್ಟಿಗೆ ವಾಸಿ.

ಪರೀಕ್ಷೆಗೆ ಬೆಳಗಿನ ಜಾವವೇ ಸೂಕ್ತ. ಮಾರುವವರಿಗೆ ಮೊದಲೇ ತಿಳಿಸಿ, ರಾತ್ರಿಯಿಡೀ ನಿಂತ ಗಾಡಿಯನ್ನು ತಾವೇ ಚಾಲೂ ಮಾಡಬೇಕು. ತಾವು ಹೋಗುವ ಹೊತ್ತಿಗೆ ಬಾನೆಟ್ ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆಂದು ಹಿಂದಿರುಗಬೇಕು. ಚಾಲೂ ಆದಾಗ ಬರುವ ಹೊಗೆ ಹೇಳುವುದು ಬಹಳ. ನೀಲಿ ಹೊಗೆ ಎಂದರೆ ಎಣ್ಣೆ ಉರಿಯುತ್ತಿದೆ, ಟರ್ಬೊ ಅಥವಾ ಪಿಸ್ಟನ್ ಉಂಗುರ ಸವೆದಿದೆ. ಕಪ್ಪು ಹೊಗೆ ಎಂದರೆ ಗಾಳಿ ಸಾಲದು ಅಥವಾ ಇಂಜೆಕ್ಟರ್ ಹೆಚ್ಚು ಸುರಿಯುತ್ತಿದೆ. ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ ಕೂಲೆಂಟ್ ಒಳಸೇರುತ್ತಿದೆಯೇ ಎಂದು ನೋಡಬೇಕು. ಎಂಜಿನ್ ಓಡುತ್ತಿರುವಾಗ ಎಣ್ಣೆ ಹಾಕುವ ಮುಚ್ಚಳವನ್ನು ಸಡಿಲಿಸಿ, ಅಲ್ಲಿಂದ ಉಸಿರಿನಂತೆ ಹೊಗೆ ದಬ್ಬುತ್ತಿದೆಯೇ ಎಂಬುದನ್ನೂ ಪರೀಕ್ಷಿಸಬೇಕು. ಅನಂತರ ಕೆ.ಆರ್. ಪುರ ದಾಟಿ ಹೊಸಕೋಟೆಯ ಕಡೆಗೆ ಹತ್ತು ಕಿ.ಮೀ. ಮನೆಮಂದಿಯನ್ನು ತುಂಬಿಕೊಂಡೇ ಓಡಿಸಿ ನೋಡುವುದು ಒಳ್ಳೆಯದು. ಖಾಲಿ ಗಾಡಿಯಲ್ಲಿ ಜಾರುವ ಕ್ಲಚ್ ತನ್ನ ದೋಷವನ್ನು ಅಡಗಿಸಿಕೊಳ್ಳುತ್ತದೆ. ಕೆಲವು ಮಾದರಿಗಳಲ್ಲಿ ಕ್ಲಚ್ಚಿನೊಂದಿಗೆ ಎರಡು ತುಂಡಿನ ಫ್ಲೈವೀಲನ್ನೂ ಬದಲಿಸಬೇಕಾಗುತ್ತದೆ, ಆಗ ಬಿಲ್ಲು ಹಲವು ಪಟ್ಟು ಏರುತ್ತದೆ.

ಎಂಜಿನ್ನಿನ ಜಾತಿ ತಿಳಿದಿರಬೇಕು. ಡಸ್ಟರ್‌ನ 1.5 ಲೀಟರ್ ಡೀಸೆಲ್ ಎಂಜಿನ್ನಿಗೆ ಟೈಮಿಂಗ್ ಬೆಲ್ಟ್ ಇದೆ, ಹಳೆಯ ಬ್ರೆಝಾದ 1.3 ಲೀಟರ್ ಎಂಜಿನ್ನಿಗೆ ಸರಪಳಿ. ಬೆಲ್ಟಿನ ಗಡುವು ಮೀರಿ ಅದು ತುಂಡಾದರೆ ಎಂಜಿನ್ನಿನ ತಲೆಯೇ ಕೆಡುತ್ತದೆ. ಬದಲಿಸಿದ ಬಿಲ್ಲು ಇಲ್ಲದಿದ್ದರೆ ಬದಲಿಸಿಲ್ಲವೆಂದೇ ಎಣಿಸಿ ಬೆಲೆ ತಗ್ಗಿಸಬೇಕು. ಕಾಮನ್ ರೈಲ್ ಇಂಜೆಕ್ಟರುಗಳ ಬಗ್ಗೆ ನಮ್ಮ ಊರಿನವರಿಗೆ ಒಂದು ಅನುಕೂಲವಿದೆ. 1951ರಲ್ಲಿ ಸ್ಥಾಪಿತವಾಗಿ ಆಡುಗೋಡಿಯಲ್ಲಿ ನೆಲೆನಿಂತ ಮೈಕೋ, ಅಂದರೆ 2008ರಿಂದ ಬಾಷ್ ಎಂಬ ಹೆಸರು ತಳೆದ ಕಂಪನಿ, ಡೀಸೆಲ್ ಪಂಪು ಮತ್ತು ಇಂಜೆಕ್ಟರುಗಳ ಕಸುಬನ್ನು ಬೆಂಗಳೂರಿಗೆ ಕಲಿಸಿತು. ಇಂಜೆಕ್ಟರನ್ನು ಬೆಂಚಿನ ಮೇಲಿಟ್ಟು ಎಷ್ಟು ಇಂಧನ ವಾಪಸಾಗುತ್ತದೆಂದು ಅಳೆದು ಕೊಡುವ ಕೆಲಸಗಾರರು ಈಗಲೂ ನಗರದಲ್ಲಿ ಸಿಗುತ್ತಾರೆ. ಲಕ್ಷಾಂತರ ರೂಪಾಯಿಯ ಖರೀದಿಗೆ ಮುಂಚೆ ಅಂಥವರಿಗೆ ಒಂದು ಸಾವಿರವೋ ಎರಡು ಸಾವಿರವೋ ಕೊಡಲು ಹಿಂಜರಿಯುವವರನ್ನು ಕಂಡಾಗ ನನಗೆ ಆಶ್ಚರ್ಯವಾಗುತ್ತದೆ. ಇದೇ ಜನ ತಮ್ಮ ಶೆಡ್ಡಿಗೆ ಹಳೆಯ ಲೇತ್ ತರುವಾಗ ಡಯಲ್ ಗೇಜ್ ಹಿಡಿದೇ ಹೋಗುತ್ತಾರೆ.

ಬಿಡಿಭಾಗಗಳ ಬಗ್ಗೆ ಎರಡು ಮಾತು. ಶಿವಾಜಿನಗರದ ಗುಜರಿ ಪೇಟೆ ಹಳೆಯ ವಾಹನದ ಮಾಲೀಕನಿಗೆ ವರವೆಂಬುದರಲ್ಲಿ ಸಂದೇಹವಿಲ್ಲ. ಕಂಪನಿ ನಿಲ್ಲಿಸಿದ ಮಾದರಿಯ ಬಾಗಿಲು, ಗಾಜು, ಸೀಟಿನ ಚೌಕಟ್ಟು, ದೀಪದ ಗೂಡು ಇವನ್ನು ಅಲ್ಲಿ ಹುಡುಕಬಹುದು. ಬ್ರೇಕು, ಸ್ಟಿಯರಿಂಗು, ಬೆಲ್ಟು, ಇಂಜೆಕ್ಟರುಗಳನ್ನು ಎಷ್ಟೇ ಅಗ್ಗವಾದರೂ ಅಲ್ಲಿ ಕೊಳ್ಳಬಾರದು. ಕೊಂಡದ್ದಕ್ಕೆ ರಸೀದಿ ಪಡೆಯಬೇಕು. ಕದ್ದ ಗಾಡಿಯ ಭಾಗ ತಮ್ಮ ಗಾಡಿಯಲ್ಲಿ ಸಿಕ್ಕಿದರೆ ವಿವರಣೆ ಕೊಡಬೇಕಾದವರು ತಾವೇ. ಎಂಜಿನ್ನನ್ನೇ ಬದಲಿಸುವುದಾದರೆ ನೋಂದಣಿ ಪತ್ರದಲ್ಲಿ ಹೊಸ ಎಂಜಿನ್ ಸಂಖ್ಯೆ ಸೇರದೆ ಗಾಡಿಯನ್ನು ರಸ್ತೆಗಿಳಿಸುವಂತಿಲ್ಲ.

ಹೆಸರು ಬದಲಾವಣೆ

ಈಗ ನನ್ನ ಅನುಭವ. 2003ರ ಕ್ವಾಲಿಸ್ ಒಂದು ನಮ್ಮ ಮನೆಯಲ್ಲಿತ್ತು. ಒಂಬತ್ತು ವರ್ಷ ಅದು ತಂಟೆಯಿಲ್ಲದೆ ದುಡಿಯಿತು. 2012ರಲ್ಲಿ ಪರಿಚಯಸ್ಥ ದಲ್ಲಾಳಿಯೊಬ್ಬರು ಬಂದು ರೂ. 2.60 ಲಕ್ಷ ಎಣಿಸಿಕೊಟ್ಟು, ನಮೂನೆ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಂಡು ಗಾಡಿ ಒಯ್ದರು. ಕೊಳ್ಳುವವರ ಹೆಸರಿನ ಜಾಗ ಖಾಲಿಯಿತ್ತು. ಗಿರಾಕಿ ಸಿಕ್ಕ ಮೇಲೆ ತುಂಬುತ್ತೇನೆಂದರು, ಪೇಟೆಯಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು, ನಾನೂ ಒಪ್ಪಿದೆ. ನನ್ನ ಬಳಿ ಉಳಿದದ್ದು ಒಂದು ಡೆಲಿವರಿ ಚೀಟಿ ಮಾತ್ರ. 2016ರಲ್ಲಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಿಂದ ನೋಟಿಸು ಬಂದಿತು. ಹಿಂದಿನ ವರ್ಷ ಬೇರೊಂದು ಜಿಲ್ಲೆಯಲ್ಲಿ ನನ್ನ ಹಳೆಯ ಗಾಡಿ ಬೈಕೊಂದಕ್ಕೆ ಬಡಿದು ಸವಾರನ ಕಾಲು ಮುರಿದಿತ್ತು. ಗಾಡಿಗೆ ವಿಮೆ ಇರಲಿಲ್ಲ. ನಡುವೆ ಅದು ಮೂವರ ಕೈ ದಾಟಿತ್ತು, ಆದರೆ ನೋಂದಣಿಯಲ್ಲಿ ಇದ್ದದ್ದು ನನ್ನ ಹೆಸರೇ. ದಲ್ಲಾಳಿ ಅಂಗಡಿ ಮುಚ್ಚಿ ಎರಡು ವರ್ಷವಾಗಿತ್ತು.

ನಾನು ಮಾರಿದ್ದೇನೆಂಬುದಕ್ಕೆ ಚೀಟಿಯೇ ಸಾಕ್ಷಿಯೆಂದು ವಕೀಲರು ವಾದಿಸುತ್ತಿದ್ದರು. ಪ್ರಕರಣ ನಡೆಯುತ್ತಿರುವಾಗಲೇ, 2018ರ ಫೆಬ್ರವರಿ 6ರಂದು ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಅದರಲ್ಲಿಯೂ ಗಾಡಿ ಕೈಯಿಂದ ಕೈಗೆ ಹೋಗಿತ್ತು, ನೋಂದಣಿ ಮಾತ್ರ ಮೊದಲಿನವರ ಹೆಸರಿನಲ್ಲಿ ಉಳಿದಿತ್ತು. ಮೋಟಾರು ವಾಹನ ಕಾಯಿದೆಯ 2ನೆಯ ಕಲಮಿನ 30ನೆಯ ಉಪಕಲಮಿನ ಪ್ರಕಾರ ಮಾಲೀಕನೆಂದರೆ ನೋಂದಣಿಯಲ್ಲಿ ಯಾರ ಹೆಸರಿದೆಯೋ ಆತನೇ. ಗಾಯಾಳುವು ಒಬ್ಬರಿಂದೊಬ್ಬರಿಗೆ ಆದ ಮಾರಾಟಗಳ ಜಾಡು ಹಿಡಿದು ಅಲೆಯಬೇಕಾಗಿಲ್ಲ ಎಂದು ನ್ಯಾಯಾಲಯ ಹೇಳಿತು. ನಮ್ಮ ವಕೀಲರು ಅದನ್ನು ಓದಿ, ಇನ್ನು ವಾದಕ್ಕೆ ಉಳಿದದ್ದಿಲ್ಲ ಎಂದರು. ಬಡ್ಡಿ ಮತ್ತು ಖರ್ಚು ಸೇರಿ ನಾನು ತೆತ್ತದ್ದು ರೂ. 3.40 ಲಕ್ಷ. ಗಾಡಿ ಮಾರಿ ಬಂದುದಕ್ಕಿಂತ ರೂ. 80,000 ಹೆಚ್ಚು. ಪೆಟ್ಟಾದವನು ಕೂಲಿಯವನು, ಅವನಿಗೆ ಹಣ ಸಂದದ್ದು ನ್ಯಾಯವೇ. ತೀರ್ಪಿನ ಬಗ್ಗೆ ನನ್ನ ತಕರಾರಿಲ್ಲ.

ಕಾನೂನು ಸ್ಪಷ್ಟವಾಗಿದೆ. ಕಾಯಿದೆಯ 50ನೆಯ ಕಲಮಿನ ಪ್ರಕಾರ, ಅದೇ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ಕೊಂಡವರು 30 ದಿನದೊಳಗೆ ವರ್ಗಾವಣೆ ಕೋರಬೇಕು. ಕೆ.ಎ-03 ಗಾಡಿಗೆ ಬೆಂಗಳೂರು ಪೂರ್ವ, ಕೆ.ಎ-53ಕ್ಕೆ ಕೆ.ಆರ್. ಪುರ ಕಚೇರಿ. ಅರ್ಜಿ ಈಗ ಅಂತರ್ಜಾಲದ ವಾಹನ್ ವ್ಯವಸ್ಥೆಯಲ್ಲಿ ಸಲ್ಲುತ್ತದೆ, ನೋಂದಣಿ ಯಾರ ಹೆಸರಿನಲ್ಲಿದೆ ಎಂಬುದನ್ನೂ ಅಲ್ಲಿಯೇ ನೋಡಬಹುದು. ಮಾರುವವರಿಗೆ ನನ್ನ ಸಲಹೆ ಇಷ್ಟೇ: ಪೂರ್ಣ ಹಣ ಬಂದರೂ, ಕೊಳ್ಳುವವರ ಹೆಸರು ತುಂಬಿದ ಅರ್ಜಿ ಸಲ್ಲಿಕೆಯಾಗುವವರೆಗೆ ಕೀಲಿಕೈ ಕೊಡಬಾರದು. ಹೆಸರು ಬದಲಾಯಿತೆಂದು ತೆರೆಯ ಮೇಲೆ ಕಾಣುವವರೆಗೆ ವಿಮೆ ಚಾಲ್ತಿಯಲ್ಲಿರುವಂತೆ ನೋಡಿಕೊಳ್ಳಬೇಕು.

ದಲ್ಲಾಳಿಯ ಮೂಲಕ ಮಾರುವವರಿಗೆ 2023ರ ಏಪ್ರಿಲ್ 1ರಿಂದ ಒಂದು ರಕ್ಷಣೆ ದೊರೆತಿದೆ. ಅಂದಿನಿಂದ ಜಾರಿಗೆ ಬಂದ ಕೇಂದ್ರ ನಿಯಮಗಳ ಪ್ರಕಾರ ಹಳೆಯ ವಾಹನಗಳ ವ್ಯಾಪಾರಿಯು ಸಾರಿಗೆ ಇಲಾಖೆಯ ಅಧಿಕಾರ ಪತ್ರ ಪಡೆಯಬೇಕು. ಮಾಲೀಕರು ಮತ್ತು ಅಂಥ ವ್ಯಾಪಾರಿ ಸೇರಿ ನಮೂನೆ 29-ಸಿಯಲ್ಲಿ ಗಾಡಿ ಒಪ್ಪಿಸಿದ ವಿಷಯವನ್ನು ಅಂತರ್ಜಾಲದಲ್ಲಿ ತಿಳಿಸಿದರೆ, ಅಲ್ಲಿಂದ ಮುಂದಕ್ಕೆ ವ್ಯಾಪಾರಿಯೇ ಮಾಲೀಕನೆಂದು ಪರಿಗಣಿತನಾಗುತ್ತಾನೆ. ಅಧಿಕಾರ ಪತ್ರವಿಲ್ಲದವರಿಗೆ ಗಾಡಿ ಒಪ್ಪಿಸಿದರೆ ಈ ರಕ್ಷಣೆಯಿಲ್ಲ. 2012ರಲ್ಲಿ ಇಂಥದೊಂದು ನಮೂನೆ ಇದ್ದಿದ್ದರೆ ನನ್ನ ಮೂರು ಲಕ್ಷದ ನಲವತ್ತು ಸಾವಿರ ಉಳಿಯುತ್ತಿತ್ತು.

ಕೊಳ್ಳುವವರು ನೋಡಬೇಕಾದ ಇತರ ದಾಖಲೆಗಳನ್ನು ಬೇಗ ಹೇಳಿ ಮುಗಿಸಬಹುದು. ಸಾಲವಿದ್ದ ಗಾಡಿಯಾದರೆ ಬ್ಯಾಂಕಿನ ಪತ್ರ ಮತ್ತು ನಮೂನೆ 35 ಸೇರಿ ಅಡಮಾನ ತೆಗೆದುಹಾಕಿರಬೇಕು. ಸಾಲ ತೀರಿದೆ ಎಂಬ ಬಾಯಿಮಾತು ಸಾಲದು. ಸಂಚಾರ ಪೊಲೀಸರ ಬಾಕಿ ದಂಡವನ್ನು ಮಾರುವವರಿಂದಲೇ ಕಟ್ಟಿಸಬೇಕು. 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ಗಾಡಿಗೂ ಅತಿ ಸುರಕ್ಷಿತ ನೋಂದಣಿ ಫಲಕ ಬೇಕು. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಅನಂತರ ಐದೈದು ವರ್ಷಕ್ಕೆ ನವೀಕರಣ. ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ ರೂ. 600ರಿಂದ ರೂ. 5,000ಕ್ಕೆ ಏರಿದೆ. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ ರೂ. 10,000 ನಿಗದಿಯಾಯಿತು. ಹದಿನಾಲ್ಕು ವರ್ಷದ ಗಾಡಿಯನ್ನು ಅಗ್ಗವೆಂದು ಕೊಳ್ಳುವವರು ಈ ಖರ್ಚನ್ನೂ, ಅರ್ಹತಾ ಪರೀಕ್ಷೆಗೆ ಮುನ್ನ ಬೇಕಾಗುವ ದುರಸ್ತಿಯನ್ನೂ ಸೇರಿಸಿ ನೋಡಬೇಕು.

ದೆಹಲಿಯ ಗಾಡಿಗಳು

ಇಂದಿರಾನಗರ, ಹಳೆ ಮದರಾಸು ರಸ್ತೆಗಳಲ್ಲಿ ಹೊಳೆಯುವ ದೊಡ್ಡ ಎಸ್‌ಯುವಿಯೊಂದು ನಂಬಲಾಗದ ಬೆಲೆಗೆ ನಿಂತಿದ್ದರೆ ಅದರ ಸಂಖ್ಯೆಯನ್ನು ಮೊದಲು ಓದಬೇಕು. ರಾಜಧಾನಿ ವಲಯದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಗಾಡಿಗಳನ್ನು ಓಡಿಸಬಾರದೆಂದು 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆದೇಶಿಸಿತು; 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2025ರ ಆಗಸ್ಟ್‌ನಲ್ಲಿ ಅಂಥ ಗಾಡಿಗಳ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡವೆಂದಿತು, ಡಿಸೆಂಬರ್‌ನಲ್ಲಿ ಆ ವಿನಾಯಿತಿಯನ್ನು ಬಿಎಸ್-4 ಮತ್ತು ನಂತರದ ಗಾಡಿಗಳಿಗೆ ಸೀಮಿತಗೊಳಿಸಿತು. ಈ ಅನಿಶ್ಚಯದಿಂದ ಅಲ್ಲಿಯ ಗಾಡಿಗಳು ಅಗ್ಗವಾಗಿ ದಕ್ಷಿಣಕ್ಕೆ ಬರುತ್ತಿವೆ. ಕರ್ನಾಟಕದಲ್ಲಿ ಅಂಥ ಹತ್ತು ವರ್ಷದ ಗಡುವಿಲ್ಲ.

ಆದರೆ ತೆರಿಗೆ ಇದೆ. ಬೇರೆ ರಾಜ್ಯದ ಗಾಡಿ ಇಲ್ಲಿ 12 ತಿಂಗಳು ಮೀರಿ ಉಳಿದರೆ ಹೊಸ ನೋಂದಣಿ ಪಡೆಯಬೇಕು, ಅದಕ್ಕೆ ಮೂಲ ಕಚೇರಿಯಿಂದ ನಮೂನೆ 28ರ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿನ ಆಜೀವ ತೆರಿಗೆ ಕಟ್ಟಬೇಕು. ನಮ್ಮ ಸದಸ್ಯರು ಎಡವುವುದು ಇಲ್ಲಿಯೇ. ಆ ತೆರಿಗೆಯ ಲೆಕ್ಕ ತಾವು ಕೊಟ್ಟ ಬೆಲೆಯ ಮೇಲಲ್ಲ, ಗಾಡಿ ಹೊಸದಾಗಿದ್ದಾಗಿನ ಬೆಲೆಯ ಮೇಲೆ. ರೂ. 20 ಲಕ್ಷ ಮೀರಿದ ಗಾಡಿಗೆ ದರ ಶೇ. 18, ವಯಸ್ಸಿಗೆ ತಕ್ಕಂತೆ ಅದರಲ್ಲಿ ಇಳಿತಾಯವುಂಟು. ರೂ. 25 ಲಕ್ಷಕ್ಕೆ ಹೊಸದಾಗಿ ಮಾರಾಟವಾದ ಗಾಡಿಗೆ ಪೂರ್ಣ ತೆರಿಗೆ ರೂ. 4.50 ಲಕ್ಷ, ಒಂಬತ್ತು ಹತ್ತು ವರ್ಷವಾದ ಮೇಲೂ ಅದರ ಅರ್ಧದ ಆಸುಪಾಸು, ಮೇಲೆ ಸೆಸ್. ರೂ. 7 ಲಕ್ಷಕ್ಕೆ ಸಿಕ್ಕಿತೆಂದು ಹಿಗ್ಗಿದ ಗಾಡಿ ರೂ. 9 ಲಕ್ಷ ದಾಟುತ್ತದೆ. ಆ ಬೆಲೆಗೆ ಕೆ.ಎ ಸಂಖ್ಯೆಯ ಗಾಡಿಯನ್ನೇ ಹುಡುಕಬಹುದಿತ್ತು. ಮಾರುವವರು ‘ಒಂದು ವರ್ಷ ಹಾಗೇ ಓಡಿಸಿ’ ಎಂದು ಸಲಹೆ ಕೊಟ್ಟರೆ, ನನ್ನ ಕ್ವಾಲಿಸ್ ಪ್ರಸಂಗವನ್ನು ಇನ್ನೊಮ್ಮೆ ಓದಿಕೊಳ್ಳಬೇಕು.

ಲೆಕ್ಕಪುಸ್ತಕದಲ್ಲಿ

ಸಂಸ್ಥೆಯ ಹೆಸರಿನಲ್ಲಿ ಕೊಳ್ಳಬೇಕೇ, ಸ್ವಂತ ಹೆಸರಿನಲ್ಲೇ ಎಂಬುದನ್ನು ತಮ್ಮ ಲೆಕ್ಕಪರಿಶೋಧಕರೊಂದಿಗೆ ಕೂತು ತೀರ್ಮಾನಿಸುವುದು ಉತ್ತಮ. ಸಾಮಾನ್ಯ ನಿಯಮ ಇಷ್ಟು. ಚಾಲಕ ಸೇರಿ 13 ಮಂದಿಯವರೆಗೆ ಕೂರುವ ವಾಹನದ ಖರೀದಿಗೆ, ವಾಹನ ವ್ಯಾಪಾರ, ಪ್ರಯಾಣಿಕ ಸಾಗಣೆ, ಚಾಲನಾ ತರಬೇತಿಯಂಥ ಉದ್ಯಮಗಳನ್ನು ಬಿಟ್ಟರೆ, ಜಿಎಸ್‌ಟಿಯಲ್ಲಿ ಹೂಡುವಳಿ ತೆರಿಗೆ ಜಮೆ ಸಿಗುವುದಿಲ್ಲ. ಆದಾಯ ತೆರಿಗೆಯಲ್ಲಿ ಕಾರಿನ ಸವಕಳಿ ವರ್ಷಕ್ಕೆ ಶೇ. 15, ವ್ಯವಹಾರಕ್ಕೆ ಬಳಸಿದ ಮಟ್ಟಿಗೆ. ಆದರೆ ಒಂದೇ ದಿನ ಒಬ್ಬರಿಗೆ ರೂ. 10,000 ಮೀರಿ ನಗದು ಕೊಟ್ಟು ಕೊಂಡ ಆಸ್ತಿಗೆ ಆ ಮೊತ್ತದ ಮೇಲೆ ಸವಕಳಿಯಿಲ್ಲ. ರೂ. 2 ಲಕ್ಷ ಅಥವಾ ಹೆಚ್ಚು ನಗದು ಪಡೆಯುವುದನ್ನೇ 2017ರಿಂದ ನಿಷೇಧಿಸಲಾಗಿದೆ, ದಂಡ ಪಡೆದವರಿಗೆ. ನಮ್ಮ ಪೇಟೆಯಲ್ಲಿ ಹಳೆಯ ಗಾಡಿಯೆಂದರೆ ಇಂದಿಗೂ ನೋಟಿನ ಕಟ್ಟೇ ನೆನಪಾಗುತ್ತದೆ. ಆ ರೂಢಿಯನ್ನು ಬಿಡಬೇಕು.

ಜಿಎಸ್‌ಟಿ ನೋಂದಣಿಯುಳ್ಳ ಸದಸ್ಯರು ಸಂಸ್ಥೆಯ ಹಳೆಯ ಗಾಡಿಯನ್ನು ಮಾರುವಾಗ ಬರುವ ತೆರಿಗೆಯನ್ನು ಅನೇಕರು ಮರೆಯುತ್ತಾರೆ. ಸವಕಳಿ ಪಡೆದ ಗಾಡಿಯಾದರೆ, ಮಾರಿದ ಬೆಲೆಯಿಂದ ಅಂದಿನ ಸವಕಳಿ ಕಳೆದ ಮೌಲ್ಯವನ್ನು ತೆಗೆದು ಉಳಿದ ಅಂತರದ ಮೇಲೆ ಮಾತ್ರ ತೆರಿಗೆ. ಉದಾಹರಣೆಗೆ ರೂ. 14 ಲಕ್ಷದ ಗಾಡಿಯ ಪುಸ್ತಕದ ಮೌಲ್ಯ ಆರು ಪೂರ್ಣ ವರ್ಷಗಳ ನಂತರ ಶೇ. 15ರ ದರದಲ್ಲಿ ಸುಮಾರು ರೂ. 5.28 ಲಕ್ಷ. ಅದನ್ನು ರೂ. 7 ಲಕ್ಷಕ್ಕೆ ಮಾರಿದರೆ ಅಂತರ ರೂ. 1.72 ಲಕ್ಷ, ಶೇ. 18ರಂತೆ ತೆರಿಗೆ ರೂ. 30,960. ರೂ. 5 ಲಕ್ಷಕ್ಕೇ ಮಾರಿದರೆ ತೆರಿಗೆಯಿಲ್ಲ. ದೊಡ್ಡ ಡೀಸೆಲ್ ಗಾಡಿ ಮತ್ತು ಎಸ್‌ಯುವಿಗಳಿಗೆ 2018ರಿಂದಲೂ ಶೇ. 18 ಇತ್ತು, ಸಣ್ಣವುಗಳ ಶೇ. 12ನ್ನು 2025ರ ಜನವರಿಯಿಂದ ಶೇ. 18ಕ್ಕೆ ಏರಿಸಲಾಯಿತು. ನೋಂದಣಿಯಿಲ್ಲದ ವ್ಯಕ್ತಿ ತನ್ನ ಸ್ವಂತ ಗಾಡಿ ಮಾರಿದರೆ ಇದು ಅನ್ವಯಿಸುವುದಿಲ್ಲ.

ವಿಮೆ

ಗಾಡಿ ಕೈಬದಲಾದಾಗ ಮೂರನೆಯವರಿಗೆ ಸಂಬಂಧಿಸಿದ ವಿಮೆ ಕಾನೂನಿನ ಬಲದಿಂದಲೇ ಹೊಸ ಮಾಲೀಕನಿಗೆ ಸಲ್ಲುತ್ತದೆ. ಗಾಡಿಗೇ ಆಗುವ ಹಾನಿಯ ವಿಮೆ ಹಾಗಲ್ಲ. ಇದನ್ನು ಸುಪ್ರೀಂ ಕೋರ್ಟ್ 1995ರಲ್ಲೇ ಕಂಪ್ಲೀಟ್ ಇನ್ಸುಲೇಷನ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಕೊಂಡ 14 ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಕೊಟ್ಟು ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಹಳೆಯ ಮಾಲೀಕನ ನೋ ಕ್ಲೇಮ್ ಬೋನಸ್ ಆತನದೇ, ಗಾಡಿಯೊಂದಿಗೆ ಬರುವುದಿಲ್ಲ. ಅದರ ವ್ಯತ್ಯಾಸವನ್ನು ತಾವು ಕಟ್ಟಬೇಕಾಗುತ್ತದೆ.

ಕೊನೆಯದಾಗಿ, ವರ್ತಕರೆಲ್ಲರೂ ತಮ್ಮ ಪಾಲಿಸಿಯ ಒಂದು ಪುಟ ತೆರೆದು ಓದಬೇಕು. ಖಾಸಗಿ ಕಾರಿನ ಪಾಲಿಸಿಯಲ್ಲಿ ಬಳಕೆಯ ಮಿತಿ ಎಂಬ ಶೀರ್ಷಿಕೆಯಡಿ, ಬಾಡಿಗೆಗೆ ಓಡಿಸುವುದರ ಜೊತೆಗೆ, ಮಾದರಿ ಸರಕು ಮತ್ತು ಸ್ವಂತ ಸಾಮಾನು ಬಿಟ್ಟು ಬೇರೆ ಸರಕು ಸಾಗಣೆಯನ್ನೂ ಹೊರತುಪಡಿಸಲಾಗಿರುತ್ತದೆ. ಭಾನುವಾರ ಕುಟುಂಬದೊಂದಿಗೆ ಕೋಲಾರಕ್ಕೆ ಹೋದ ಗಾಡಿಯ ಹಿಂದಿನ ಸೀಟು ಮಡಚಿ, ಸೋಮವಾರ ಇಪ್ಪತ್ತು ಪೆಟ್ಟಿಗೆ ಸಿದ್ಧ ಮಾಲು ತುಂಬಿ ಗಿರಾಕಿಗೆ ತಲುಪಿಸುವ ರೂಢಿ ನಮ್ಮಲ್ಲಿ ಬಹಳ ಮಂದಿಗಿದೆ. ಎರಡು ಮೂರು ಮಾದರಿ ತುಂಡುಗಳನ್ನು ಒಯ್ಯುವುದು ಬೇರೆ, ಮಾಲನ್ನೇ ಸಾಗಿಸುವುದು ಬೇರೆ. ಅಂಥ ಹೊತ್ತಿನಲ್ಲಿ ಅಪಘಾತವಾದರೆ ವಿಮೆಯ ಸರ್ವೇಯರ್ ಮೊದಲು ತೆಗೆಯುವುದು ಪೆಟ್ಟಿಗೆಗಳ ಚಿತ್ರವನ್ನೇ. ನಿಯಮಿತವಾಗಿ ಸರಕು ಹೊರುವ ಅಗತ್ಯವಿರುವವರು ಅದಕ್ಕೆಂದೇ ಹಳದಿ ಫಲಕದ ಸಣ್ಣ ಗಾಡಿಯನ್ನು ಇಟ್ಟುಕೊಂಡು, ಎಸ್‌ಯುವಿಯನ್ನು ಮನೆಮಂದಿಗೆ ಬಿಡಬೇಕು.